ಉಳಿರಾಯ ಪಿಜ್ಜಾ ಮಾಡಿದ್ದು

ಅಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಹೊಸ್ತಿಲ ಮೇಲೆ ಆಡಿದ ಒಂದು ಮಾತು. ಹೆಂಡತಿ ಕೆಲಸಕ್ಕೆ ಹೊರಟವಳು ಚಪ್ಪಲಿ ಮೆಟ್ಟಿಕೊಳ್ಳುತ್ತ, "ರೀ, ಇವತ್ತು ನನ್ನ ಹುಟ್ಟಿದಹಬ್ಬ. ಅಂಗಡೀದು ಬೇಡ, ನಿಮ್ಮ ಕೈಯಾರೆ ಒಂದು ಪಿಜ್ಜಾ ಮಾಡಿಡಿ ನೋಡೋಣ" ಎಂದಳು.

ಉಳಿರಾಯ ಸುಮ್ಮನೆ ತಲೆಯಾಡಿಸಬಹುದಿತ್ತು. "ಕಲ್ಲನ್ನೇ ಬೆಣ್ಣೆ ಥರ ಕೆತ್ತೋ ಕೈ ಕಣೇ ಇದು. ಹಿಟ್ಟು ಯಾವ ಲೆಕ್ಕ?" ಎಂದುಬಿಟ್ಟ.

"ಹೋದ ಸಲ ನೀವು ಮಾಡಿದ ಬ್ರೆಡ್ಡು ಇನ್ನೂ ಬಾಗಿಲಿಗೆ ಅಡ್ಡ ಇಟ್ಟಿದೀವಿ, ಗಾಳಿಗೆ ಬಡ್ಕೋಬಾರ್ದು ಅಂತ" ಎಂದು ನೆನಪಿಸಿ ಅವಳು ಮೆಟ್ಟಿಲಿಳಿದಳು.

ಕೈಯ ವಿಷಯದಲ್ಲಿ ಅವನು ಹೇಳಿದ್ದು ಸುಳ್ಳಲ್ಲ. ಅವನು ಕೆಲಸಕ್ಕಿದ್ದದ್ದು ನಾಮಫಲಕದ ಅಂಗಡಿಯಲ್ಲಿ. ಕಲ್ಲಿನಲ್ಲಿ ಅಕ್ಷರ ಕೆತ್ತುವುದರಲ್ಲಿ ಅವನಂಥವನು ಮೂರು ಲೋಕದಲ್ಲೂ ಇರಲಿಲ್ಲ. ಅವನು ಕಲ್ಲಿನ ಮೇಲೆ ಗಿಳಿ ಕೆತ್ತಿದರೆ ಬೀದಿಯ ಬೆಕ್ಕುಗಳು ಸಾಲಾಗಿ ಬಂದು ಕೂರುತ್ತಿದ್ದವು. ಉಳಿರಾಯ ಎಂಬ ಹೆಸರು ಎಷ್ಟು ಅಂಟಿತ್ತೆಂದರೆ ನಿಜವಾದ ಹೆಸರು ಕೇಳಿದರೆ ಅವನೇ ಹೆಂಡತಿಯ ಮುಖ ನೋಡುತ್ತಿದ್ದ. ಆದರೆ ಆ ಕೈಗೆ ಒಂದು ಕಾಯಿಲೆ. ಅಕ್ಷರವೆಲ್ಲ ಮುತ್ತಿನಂತೆ ಮುಗಿದ ಮೇಲೆ ಕಲ್ಲು ಒಡೆಯುತ್ತಿತ್ತು. ಆ ತಿಂಗಳು ಆಗಲೇ ಎರಡು ಹೋಗಿದ್ದವು.

"ಇನ್ನೊಂದು ಕಲ್ಲು ನಿನ್ನ ಕೈಲಿ ಒಡೀಲಿ, ಆಮೇಲೆ ಅಂಗಡಿ ಕಡೆ ತಲೆ ಹಾಕೂ ಮಲಗಬೇಡ!" ಎಂದು ಯಜಮಾನರು ಗುಡುಗಿದ್ದರು.

ಆ 'ಇನ್ನೊಂದು ಕಲ್ಲು' ಈಗ ಉಳಿರಾಯನ ಮನೆಯಲ್ಲೇ ಕಂಬಳಿ ಹೊದ್ದು ಮಲಗಿತ್ತು. ಪಕ್ಕದ ಬೀದಿಯಲ್ಲಿ ಅವತ್ತೇ ಸಂಜೆ ಬಾಗಿಲು ತೆರೆಯಲಿದ್ದ ಹಲ್ಲಿನ ಡಾಕ್ಟರ ಫಲಕ. ಎರಡೂ ಮುಖ ಕನ್ನಡಿಯಂತೆ ಹೊಳೆಯುವ ಕರಿಕಲ್ಲು. ಒಂದು ಮುಖದಲ್ಲಿ 'ಹಲ್ಲಿನ ಆಸ್ಪತ್ರೆ' ಎಂದೂ ಕೆಳಗೆ 'ಸಂಜೆ ಐದರಿಂದ ಎಂಟು' ಎಂದೂ ಕೆತ್ತಿ ಮುಗಿದಿತ್ತು. ನಾಲ್ಕು ಗಂಟೆಗೆ ಯಜಮಾನರೇ ಬಂದು ಒಯ್ಯುವವರಿದ್ದರು. ಅಲ್ಲಿಯವರೆಗೆ ಅದನ್ನು ಮುಟ್ಟದೆ ಇದ್ದರೆ ಸಾಕಿತ್ತು.

ಉಳಿರಾಯ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ವಿಡಿಯೋ ಹಚ್ಚಿದ. ಯೀಸ್ಟನ್ನು ಉಗುರುಬೆಚ್ಚಗಿನ ನೀರಿಗೆ ಹಾಕಿ ಎಬ್ಬಿಸಿ ಎಂದಳು ಫೋನಿನೊಳಗಿನ ಹೆಂಗಸು. ಮಲಗಿದವರನ್ನು ಎಬ್ಬಿಸುವುದಕ್ಕೆ ಉಗುರುಬೆಚ್ಚಗೆ ಯಾಕೆ ಎಂದು ಇವನು ಕೊತಕೊತ ಕುದಿಯುವ ನೀರನ್ನೇ ಸುರಿದ. ಯೀಸ್ಟು ಏಳುವುದಿರಲಿ, ಇದ್ದಲ್ಲೇ ಕಣ್ಣು ಮುಚ್ಚಿತು.

ಹಿಟ್ಟು ನಾದುವ ಸದ್ದಿಗೆ ಮೇಲ್ಮನೆಯ ಡ್ರಿಲ್ ಮೇಷ್ಟ್ರು ಇಳಿದು ಬಂದರು. ನಿವೃತ್ತರಾಗಿ ವರ್ಷಗಳಾದರೂ ಅವರು ಕೆಮ್ಮಿದರೆ ಬೀದಿಯಲ್ಲಿ ಹೋಗುವವರು ಎಡಗಾಲು ಮುಂದಿಡುತ್ತಿದ್ದರು. ಅವರ ಮುಂದಿನ ಒಂದು ಹಲ್ಲಿಗೆ ಚಿನ್ನದ ಕವಚ. ಅದನ್ನು ತೋರಿಸುವುದಕ್ಕಾಗಿಯೇ ನಗುತ್ತಿದ್ದರು.

"ಏಯ್, ಇದೇನು ಹಿಟ್ಟಿಗೆ ಮುದ್ದು ಮಾಡ್ತಿದೀಯಾ? ಸೊಂಟ ಬಗ್ಗಿಸು! ಒಂದ್! ಎರಡ್! ಒಂದ್! ಎರಡ್!"

"ಮೇಷ್ಟ್ರೇ, ಹತ್ತು ನಿಮಿಷ ನಾದಿದ್ರೆ ಸಾಕಂತೆ..."

"ಯಾರು ಹೇಳಿದ್ದು? ನಾನು ನಿಲ್ಲಿಸು ಅನ್ನೋವರೆಗೂ ನಾದು!"

ನಾದಿದ. ಆ ಕುಲುಕಾಟಕ್ಕೆ ಇಡೀ ಕಟ್ಟಡದ ಕಿಟಕಿ ಗಾಜುಗಳೆಲ್ಲ ಹಲ್ಲು ಕಡಿದವು. ಎದುರುಮನೆಯ ಅಜ್ಜಿ ಭೂಕಂಪವೆಂದು ಚಿಲ್ಲರೆ ಡಬ್ಬಿ ಹಿಡಿದುಕೊಂಡೇ ಓಡಿ ಬಂದವರು, ಪಿಜ್ಜಾ ಎಂದು ತಿಳಿದೊಡನೆ ಕುರ್ಚಿ ಎಳೆದುಕೊಂಡು ಕೂತರು.

"ಏನಪ್ಪಾ, ಹಿಟ್ಟು ಉಬ್ಬಲೇ ಇಲ್ವಲ್ಲ?"

"ಒಲೆ ಒಳಗೆ ಉಬ್ಬುತ್ತೆ ಅಜ್ಜೀ."

"ಉಬ್ಬುತ್ತೆ, ಉಬ್ಬುತ್ತೆ. ನಿನ್ನ ಹೆಂಡ್ತಿ ಮುಖ ಉಬ್ಬುತ್ತೆ."

ಅಷ್ಟರಲ್ಲಿ ಫೋನಿನ ಹೆಂಗಸು ಹೇಳಬಾರದ್ದನ್ನು ಹೇಳಿದಳು. ನಿಜವಾದ ಪಿಜ್ಜಾ ಬೇಯುವುದು ತಟ್ಟೆಯಲ್ಲಲ್ಲ, ಕಾದ ಕಲ್ಲಿನ ಮೇಲೆ! ಉಳಿರಾಯನ ಕಣ್ಣು ತಾನಾಗಿ ಕಂಬಳಿಯ ಕಡೆ ಹೊರಳಿತು. ಕೆತ್ತಿದ ಮುಖ ಕೆಳಗೆ, ನುಣುಪು ಮುಖ ಮೇಲೆ ಮಾಡಿಟ್ಟರೆ ಅಕ್ಷರಕ್ಕೆ ಏನಾದೀತು? ಕಲ್ಲು ಓವನ್ನಿನೊಳಗೆ ಅಳತೆ ತೆಗೆದಂತೆ ಕೂತಿತು. ಹಿಟ್ಟನ್ನು ಕಲ್ಲಿನ ಉದ್ದಗಲಕ್ಕೇ ಲಟ್ಟಿಸಿ, ಟೊಮೇಟೊ ಬಳಿದು, ಚೀಸ್ ಉದುರಿಸಿ ಒಳಗೆ ತಳ್ಳಿದ.

ಚೀಸ್ ಕಪ್ಪಾಗಲು ಶುರುವಾದರೂ ಅಜ್ಜಿ ಮಾತ್ರ "ಬೆಂದಿಲ್ಲ, ಇನ್ನೂ ಬೆಂದಿಲ್ಲ" ಎನ್ನುತ್ತಲೇ ಇದ್ದರು. ಕೊನೆಗೆ, "ಒಣಗಿ ಹೋಗ್ತಿದೆ ಕಣೋ, ಸ್ವಲ್ಪ ಆವಿ ಬೇಕು" ಎಂದು ಅವನು ಬೇಡ ಬೇಡ ಎನ್ನುವಷ್ಟರಲ್ಲಿ ಒಂದು ಚೊಂಬು ತಣ್ಣೀರನ್ನು ಓವನ್ನಿನೊಳಕ್ಕೆ ಎರಚಿಬಿಟ್ಟರು.

ಫಟ್!

ಆ ಸದ್ದಿಗೆ ಮೂರು ಬೀದಿಯಾಚೆ ಮಲಗಿದ್ದ ಕೂಸುಗಳೆಲ್ಲ ಎದ್ದವಂತೆ. ಉಳಿರಾಯ ಬಗ್ಗಿ ನೋಡಿದ. ಕಲ್ಲು ಮಧ್ಯಕ್ಕೆ ಸರಿಯಾಗಿ ಎರಡು ಹೋಳಾಗಿತ್ತು. ಅದರ ಮೇಲಿನ ಪಿಜ್ಜಾ ಮಾತ್ರ ಒಂದು ಕೂದಲೆಳೆ ಬಿರುಕೂ ಇಲ್ಲದೆ ಸೇತುವೆಯಂತೆ ಮಲಗಿತ್ತು.

"ಅಯ್ಯೋ, ನನ್ನ ಕೆಲಸ ಹೋಯ್ತು!"

"ಪಿಜ್ಜಾ ಉಳೀತಲ್ಲ, ಬಿಡು" ಎಂದರು ಅಜ್ಜಿ.

ಕತ್ತರಿಸಲು ಹೋದರೆ ಚಾಕು ಬಾಗಿತು. "ಹುಂ, ಚಾಕು ಹಿಡಿಯೋರು ಹೇಡಿಗಳು" ಎಂದ ಮೇಷ್ಟ್ರು ಪಿಜ್ಜಾವನ್ನು ಎರಡೂ ಕೈಯಲ್ಲೆತ್ತಿ ಮೂಲೆಗೆ ಬಾಯಿ ಹಾಕಿದರು. ಕಟಕ್ ಎಂದಿತು. ಬಾಯಿ ಈಚೆಗೆ ಬಂತು, ಹಲ್ಲು ಬರಲಿಲ್ಲ. ಚಿನ್ನದ ಕವಚದ ಸಮೇತ ಅದು ಪಿಜ್ಜಾದೊಳಗೆ ಮೊಳೆಯಂತೆ ನಾಟಿ, ಚಿನ್ನದ ತುದಿ ತಳದಿಂದ ಇಣುಕುತ್ತಿತ್ತು. ಉಳಿರಾಯ ಇಕ್ಕಳ ಹಾಕಿ ಎಳೆದ, ಅಲುಗಲಿಲ್ಲ. ಮೇಷ್ಟ್ರು ಕೆನ್ನೆ ಹಿಡಿದುಕೊಂಡು, "ಶ್ಶ... ಶ್ಶ..." ಎಂದು ಗಾಳಿ ಬಿಡುತ್ತ ಮೆಟ್ಟಿಲು ಹತ್ತಿದರು. ಅವರ ಹಿಂದೆ ಅಜ್ಜಿಯೂ ಮೆಲ್ಲಗೆ ಜಾರಿಕೊಂಡರು.

ಆಗಲೇ ಫೋನು. "ಏನಯ್ಯಾ ಉಳಿರಾಯ, ಕಲ್ಲು ನೆಟ್ಟಗಿದೆ ತಾನೆ? ಹೊರಟೆ."

"ನೆಟ್ಟಗಿದೆ ಯಜಮಾನ್ರೇ. ತಂತಿ ಇದ್ದ ಹಾಗಿದೆ."

ಅವನ ದೃಷ್ಟಿ ಪಿಜ್ಜಾದ ತಳದ ಮೇಲೆ ಬಿತ್ತು. ಚಪ್ಪಟೆ, ನುಣುಪು, ಅದೇ ಉದ್ದ, ಅದೇ ಅಗಲ. ಬೆರಳಲ್ಲಿ ತಟ್ಟಿದ, ಠಣ್ ಎಂದಿತು. ಮೇಲಿನ ಚೀಸು ಟೊಮೇಟೊಗಳನ್ನೆಲ್ಲ ಕೆರೆದು ಒಡೆದ ಕಲ್ಲಿನ ಮೇಲೆ ಸುರಿದ. ಪಿಜ್ಜಾವನ್ನು ಬೋರಲು ಹಾಕಿ ಉಳಿ ಹಿಡಿದು ಕೂತ. ಆಹಾ, ಏನು ಕೆಲಸ ಅದು! ಉಳಿಯ ತುದಿಯಿಂದ ಕಿಡಿ ಹಾರಿತು. ಅದೇ ಅಕ್ಷರ, ಅದೇ ಸಾಲು. ಮೂಲೆಯ ಹಲ್ಲಿನ ಸುತ್ತ ಒಂದು ಹೂಬಳ್ಳಿ ಕೆತ್ತಿದ. ಬೂಟಿನ ಕರಿ ಪಾಲಿಷ್ ಬಳಿದು, ಅಕ್ಷರಕ್ಕೆ ಬಿಳಿ ಬಣ್ಣ ತುಂಬುವುದಕ್ಕೂ ಬಾಗಿಲು ಬಡಿಯುವುದಕ್ಕೂ ಸರಿಹೋಯಿತು.

ಯಜಮಾನರು ಕೈಗೆತ್ತಿಕೊಂಡರು. "ಇದೇನಯ್ಯಾ ಇಷ್ಟು ಹಗುರ?"

"ಹೊಸ ನಮೂನೆ ಯಜಮಾನ್ರೇ. ತೆಳ್ಳಗೆ ಮಾಡಿದೀನಿ."

"ಈ ಚಿನ್ನದ ಹಲ್ಲು... ಅಬ್ಬಬ್ಬ! ಥೇಟ್ ಬಾಯೊಳಗೆ ಇದ್ದಂಗೇ ಇದೆಯಲ್ಲೋ!"

ಐದು ಗಂಟೆಗೆ ಆಸ್ಪತ್ರೆಯ ಬಾಗಿಲ ಪಕ್ಕ ಫಲಕ ಏರಿತು. ನೋಡಲು ಜನ ಮುಗಿಬಿದ್ದರು. ಡಾಕ್ಟರು ಉಳಿರಾಯನ ಕೈ ಕುಲುಕುತ್ತಿದ್ದ ಹೊತ್ತಿಗೆ, ಗುಂಪನ್ನು ಸೀಳಿಕೊಂಡು ಮೊದಲ ರೋಗಿ ಬಂದರು. ಕೆನ್ನೆ ಕುಂಬಳಕಾಯಿಯಾಗಿದ್ದ ಡ್ರಿಲ್ ಮೇಷ್ಟ್ರು! ಫಲಕ ಕಂಡವರೇ ಅಲ್ಲೇ ನೆಟ್ಟಗೆ ನಿಂತುಬಿಟ್ಟರು.

"ಅದು ನನ್ನ ಹಲ್ಲು! ನಾನು ಕಚ್ಚಿದ ಪಿಜ್ಜಾ ಅದು!"

ಯಜಮಾನರು ಫಲಕದ ಹತ್ತಿರ ಹೋಗಿ ಮೂಗಿಟ್ಟು ಮೂಸಿದರು. ಉಳಿರಾಯ ಕಣ್ಣು ಮುಚ್ಚಿಕೊಂಡು ಮನಸ್ಸಿನಲ್ಲೇ ಅಂಗಡಿಗೆ ಕೈಮುಗಿದ.

"ಪಿಜ್ಜಾನಾ?" ಎಂದರು ಯಜಮಾನರು ನಿಧಾನವಾಗಿ. "ಕಲ್ಲಿಗಿಂತ ಗಟ್ಟಿ, ಹಲಗೆಗಿಂತ ಹಗುರ. ಸಾಗಿಸೋಕೆ ಲಾರಿ ಬೇಡ, ಸೈಕಲ್ ಸಾಕು. ಲೋ, ನಾಳೆಯಿಂದ ಅಂಗಡೀಲಿ ಕಲ್ಲು ಬಂದ್. ನೀನು ಹಿಟ್ಟು ಕಲಸು. ಒಂದೇ ಒಂದು ಮೆತ್ತಗೆ ಬರಲಿ, ಆಮೇಲೆ ಅಂಗಡಿ ಕಡೆ ತಲೆ ಹಾಕೂ ಮಲಗಬೇಡ!"

ಕೆಲಸ ಉಳಿದ ಸಂತೋಷಕ್ಕೆ ಅಳಬೇಕೋ, ಜೀವಮಾನವಿಡೀ ಹಿಟ್ಟು ನಾದುವ ದುಃಖಕ್ಕೆ ನಗಬೇಕೋ ತಿಳಿಯದೆ ಉಳಿರಾಯ ಮನೆ ಸೇರಿದ. ಬಾಗಿಲು ತೆರೆದಿತ್ತು. ಪಿಜ್ಜಾ ಗೋಡೆಯ ಮೇಲಿದೆ ಎಂದು ಹೆಂಡತಿಗೆ ಹೇಗೆ ಹೇಳುವುದೆಂದು ಮಾತು ಜೋಡಿಸುತ್ತ ಒಳಗೆ ಕಾಲಿಟ್ಟ.

ಹೆಂಡತಿ ಊಟದ ಮೇಜಿನ ಮುಂದೆ ಕೂತಿದ್ದಳು. ಕಣ್ಣಲ್ಲಿ ನೀರು, ಕೆನ್ನೆಗೆ ಒದ್ದೆ ಬಟ್ಟೆ, ಮುಂದೆ ಚೀಸು ಟೊಮೇಟೊ ಹೊತ್ತ ಕಲ್ಲಿನ ಎರಡು ಹೋಳು. ಒಂದರ ಅಂಚಿನಲ್ಲಿ ಹಲ್ಲಿನ ಗುರುತು.

"ಬೇಜಾರು ಮಾಡ್ಕೋಬೇಡಿ, ರುಚಿ ಚೆನ್ನಾಗೇ ಇದೆ" ಎಂದಳು ಪಾಪ, ಪ್ರೀತಿಯಿಂದಲೇ. "ಹೋದ ಸಲದ ಬ್ರೆಡ್ಡಿಗಿಂತ ಮೆತ್ತಗಿದೆ. ತಳ ಒಂಚೂರು ಗಟ್ಟಿ."

ಅವಳು ಒಂದು ಹೋಳನ್ನು ಮಗುಚಿದಳು, ಮತ್ತೊಂದನ್ನೂ ಮಗುಚಿದಳು, ಜೋಡಿಸಿ ಓದಿದಳು. ಮುಖ ಅರಳಿತು.

"ತಿಂದ ಮೇಲೆ ಎಲ್ಲಿಗೆ ಹೋಗ್ಬೇಕು ಅಂತಾನೂ ಕೆತ್ತಿದೀರಲ್ರೀ! ಏನು ಮುಂದಾಲೋಚನೆ ನಿಮ್ದು! ನಡೀರಿ ಮತ್ತೆ, ಎಂಟಕ್ಕೆ ಬಾಗಿಲು ಹಾಕ್ತಾರಂತೆ."