ತೆಕ್ಕೇಪ್ಪಾಟ್ ಮನೆಯ ಹಲ್ಲು

ಮೂವತ್ತೊಂಬತ್ತನೆಯ ದವಡೆಯ ಧೂಳು ಕೊಡವಿ ವಿಲಾಸಿನಿ ಅದನ್ನು ಮತ್ತೆ ಹಲ್ಲಿನ ದವಾಖಾನೆಯ ಕಪಾಟಿನಲ್ಲಿ ಇಡುತ್ತಿದ್ದಳು. ಅಷ್ಟರಲ್ಲಿ ವಾಚನಾಲಯದ ಕಾರ್ಯದರ್ಶಿ, ಶಾಲಾ ಮೇಷ್ಟ್ರು ದಿವಾಕರನ್ ಮಾಷ್ ಒಳಗೆ ನುಗ್ಗಿದರು.

"ಎಲ್ಲ ಇವೆಯಲ್ಲ? ಒಳ್ಳೇದಾಯ್ತು. ಸಂಜೆ ಶ್ರದ್ಧಾಂಜಲಿ ಸಭೇಲಿ ಇವನ್ನ ಇಡೋಣ."

ಪೋತನ್ ಡಾಕ್ಟರು ತೀರಿಕೊಂಡು ನಲವತ್ತು ದಿನವಾಗಿತ್ತು. ಪುಳಿಂಕಡವಿನಲ್ಲಿ ನಲವತ್ತಾರು ವರ್ಷ ಹಲ್ಲು ಕಿತ್ತವರು, ಹಲ್ಲು ಕಟ್ಟಿದವರು ಅವರು. ಕಟ್ಟುವ ಮೊದಲು ತೆಗೆದ ಪ್ಲಾಸ್ಟರ್ ಅಚ್ಚುಗಳಲ್ಲಿ ಒಂದನ್ನೂ ಎಸೆದಿರಲಿಲ್ಲ. ಊರಲ್ಲಿ ಏಳು ಮಂದಿ ಮೇರಿಯರು, ಐದು ಮಂದಿ ರಾಘವನ್‌ಗಳು ಇದ್ದದ್ದರಿಂದ ಪ್ರತಿಯೊಂದರ ತಳದಲ್ಲೂ ಬರೀ ಮನೆಯ ಹೆಸರು ಬರೆದಿಡುತ್ತಿದ್ದರು.

"ಮಾಷೇ, ಇದು ಜನರ ಗುಟ್ಟಲ್ವಾ?"

"ಹಲ್ಲು ಕಟ್ಟಿಸಿಕೊಂಡರೆ ಕಳ್ಳತನವೇನೇ? ನಂದೂ ಇದೆ ನೋಡು!" ಮಾಷ್ ತಮ್ಮ ಮೇಲಿನ ಸೆಟ್ಟನ್ನು ನಾಲಿಗೆಯಿಂದ ಮುಂದಕ್ಕೆ ತಳ್ಳಿ ತೋರಿಸಿ ಒಳಗೆಳೆದುಕೊಂಡರು. "ಒಂದೊಂದೇ ಎತ್ತಿ ಮನೆ ಹೆಸರು ಓದ್ತೀನಿ. ಡಾಕ್ಟರ ಕೈ ಎಷ್ಟು ಮನೆಯನ್ನ ನಗಿಸಿದೆ ಅಂತ ಗೊತ್ತಾಗಲಿ. ಬರೀ ಭಾಷಣ ಇಟ್ಟರೆ ಚಹಾ ಕುಡಿದು ಎದ್ದು ಹೋಗ್ತಾರೆ."

ವಿಲಾಸಿನಿ ಕಪಾಟಿನ ಕೆಳಗಿನ ಅರೆಯತ್ತ ನೋಡಿದಳು. ಇಪ್ಪತ್ತೆಂಟು ವರ್ಷ ಡಾಕ್ಟರ ಸಹಾಯಕಿಯಾಗಿ ಊರಿನ ಬಾಯಿಗಳನ್ನೆಲ್ಲ ನೋಡಿದವಳು ಅವಳು. ಆದರೆ ಅವಳ ಬಾಯಿಯ ಗುಟ್ಟು ಡಾಕ್ಟರೊಬ್ಬರಿಗೇ ಗೊತ್ತಿತ್ತು. ಮದುವೆಯಾದ ಮೂರನೆಯ ವರ್ಷ ಬಾವಿಕಟ್ಟೆಯ ಮೇಲೆ ಜಾರಿಬಿದ್ದು ಎದುರಿನ ನಾಲ್ಕು ಹಲ್ಲು ಹೋಗಿದ್ದವು. ಗಂಡ ಸುಗುಣನ್ ಶಬರಿಮಲೆಯ ವಿಶೇಷ ಬಸ್ಸಿನಲ್ಲಿ ಕಂಡಕ್ಟರಾಗಿ ಹೋಗಿದ್ದ. ಅವನು ಬರುವಷ್ಟರಲ್ಲಿ ಡಾಕ್ಟರು ಬಾಯಿಗೆ ಭದ್ರವಾಗಿ ಹೊಸ ಹಲ್ಲು ಕೂರಿಸಿದ್ದರು. ಅಂದಿನಿಂದ ಇಂದಿನವರೆಗೆ ಸುಗುಣನ್ ಬಸ್ಸಿನ ತುಂಬ ಸಾರುತ್ತ ಬಂದಿದ್ದ: "ನನ್ನ ಹೆಂಡತಿ ಹಲ್ಲು ನೋಡಿ ಬನ್ನಿ. ಒಂದೂ ಅಲ್ಲಾಡಿಲ್ಲ!"

ಮಾಷ್ ಬಾಗಿಲು ದಾಟುವುದೇ ತಡ, ಅವಳು ಕೆಳಗಿನ ಕತ್ತಲ ಅರೆಗೆ ಕೈ ತೂರಿಸಿದಳು. ತಳ ತಿರುಗಿಸಿ ತನ್ನ ಮನೆಯ ಹೆಸರು ಓದಿದಳು. ತೆಕ್ಕೇಪ್ಪಾಟ್. ಹೊರಗೆ ಮತ್ತೆ ಹೆಜ್ಜೆ ಸಪ್ಪಳ. ಸೆರಗಿನಲ್ಲಿ ಸುತ್ತಿ ಚೀಲದ ತಳಕ್ಕೆ ತುರುಕಿದಳು.

ಬಂದವರು ವಾರ್ಡ್ ಸದಸ್ಯೆ ಅಚ್ಚಾಮ್ಮ. ಮಾಷ್ ಬೆಳಿಗ್ಗೆಯೇ ಆಟೋಗೆ ಮೈಕ್ ಕಟ್ಟಿಸಿ ಹಲ್ಲಿನ ಪ್ರದರ್ಶನದ ಸುದ್ದಿಯನ್ನು ಬೀದಿಬೀದಿಗೆ ಹಂಚಿದ್ದರು.

"ಡಾಕ್ಟರ ಕುರ್ಚಿಗೊಂದು ಕೈ ಮುಗಿದು ಹೋಗೋಣ ಅಂತ ಬಂದೆ, ವಿಲಾಸಿನಿ. ನೀನು ಸ್ವಲ್ಪ ಹೊರಗೆ ನಿಲ್ತೀಯಾ? ದುಃಖ ಉಕ್ಕಿ ಬರ್ತಿದೆ."

ದುಃಖ ಇಳಿದಾಗ ಅಚ್ಚಾಮ್ಮನ ಕೊಡೆ ಗರ್ಭಿಣಿಯಂತೆ ಉಬ್ಬಿತ್ತು.

ಆಮೇಲೆ ದರ್ಜಿ ರಾರಿಚ್ಚನ್ ಬಂದ. "ವಿಲಾಸಿನಿ ಚೇಚೀ, ನನ್ನದಲ್ಲ, ನಮ್ಮ ಮಾವನದು" ಎಂದ. ಮಾವನ ಬಾಯಲ್ಲಿ ಮೂವತ್ತೆರಡೂ ಇರುವುದು ಇಬ್ಬರಿಗೂ ಗೊತ್ತಿತ್ತು. ನಾಟಕದಲ್ಲಿ ರಾಜನ ಪಾತ್ರ ಹಾಕುವವನು ಬಂದ. ಕಳೆದ ವರ್ಷ ಮದುವೆಯಾದವಳ ತಾಯಿ ಬಂದಳು. ಒಬ್ಬೊಬ್ಬರಿಗೂ ವಿಲಾಸಿನಿ ಹೊರಗೆ ಹೋಗಿ ನಿಂತಳು. ತಾನೇ ಕದ್ದವಳು ಯಾರನ್ನು ತಡೆಯಬೇಕು?

ಮೂರು ಗಂಟೆಗೆ ಮಾಷ್ ಬಂದು ನೋಡಿದರೆ ಉಳಿದದ್ದು ಹನ್ನೊಂದು.

"ಮಿಕ್ಕವು ಎಲ್ಲೇ?"

"ಗೆದ್ದಲು, ಮಾಷೇ."

"ಪ್ಲಾಸ್ಟರಿಗೆ ಗೆದ್ದಲಾ?"

"ನಮ್ಮೂರಿನ ಗೆದ್ದಲು."

ಮಾಷ್ ಗೊಣಗುತ್ತ ಹನ್ನೊಂದನ್ನೂ ರಟ್ಟಿನ ಪೆಟ್ಟಿಗೆಗೆ ಸುರಿದುಕೊಂಡು ಹೊರಟರು. ಹೆಚ್ಚಿನವು ಸತ್ತವರದಿರಬೇಕು, ಒಂದು ಮಾಷ್‌ರದೇ. ವಿಲಾಸಿನಿ ನಿರಾಳವಾಗಿ ಉಸಿರುಬಿಟ್ಟಳು.

ಸಂಜೆ ವಾಚನಾಲಯ ಕಿಕ್ಕಿರಿದಿತ್ತು. ಹಾರ ಹಾಕಿದ ಫೋಟೋದಲ್ಲಿ ಡಾಕ್ಟರು ಎಂದಿನಂತೆ 'ಬಾಯಿ ತೆಗೀರಿ' ಎನ್ನುವ ಹಾಗೆ ನೋಡುತ್ತಿದ್ದರು. ಸಭೆ ಮಾತ್ರ ಬಾಯಿ ಬಿಗಿದು ಕುಳಿತಿತ್ತು. "ಬಾಯೊಳಗೆ ಇಕ್ಕಳ ಇಟ್ಟು ಮಗಳ ಮದುವೆ ವಿಚಾರ ಕೇಳೋರು, ಉತ್ತರಾನೂ ಅವರೇ ಹೇಳ್ಕೊಳ್ಳೋರು" ಎಂದು ಪಾದ್ರಿಗಳು ನೆನೆದಾಗ ಮಾತ್ರ ಜನ ಕೈ ಅಡ್ಡ ಹಿಡಿದು ನಕ್ಕರು.

ಮಾಷ್ ಒಂದೊಂದೇ ಅಚ್ಚು ಎತ್ತತೊಡಗಿದರು. ಏಳನೆಯದರ ತಳ ನೋಡಿ ಮೈಕಿನಲ್ಲಿ ಕೂಗಿದರು: "ತೆಕ್ಕೇಪ್ಪಾಟ್!"

ವಿಲಾಸಿನಿ ಚೀಲವನ್ನು ಎದೆಗೆ ಅವಚಿಕೊಂಡಳು. ಮಾಷ್‌ರ ಕೈಯಲ್ಲಿದ್ದ ದವಡೆಯಲ್ಲಿ ಎದುರಿನ ನಾಲ್ಕು ಹಲ್ಲಿನ ಜಾಗ ಖಾಲಿ. ಹಾಗಾದರೆ ಚೀಲದಲ್ಲಿರುವುದು ಯಾರದು?

ಅಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಚಹಾ ಹಂಚುತ್ತಿದ್ದ ಸುಗುಣನ್ ತಟ್ಟೆ ಸಮೇತ ಮುಂದಕ್ಕೆ ನುಗ್ಗಿದ. ಮುಖ ಸುಣ್ಣದಂತಾಗಿತ್ತು.

"ಅದು ನಂದಲ್ಲ! ನನ್ನ ಹೆಂಡತೀದು!"

ಸಭೆಯ ತಲೆಗಳೆಲ್ಲ ವಿಲಾಸಿನಿಯ ಕಡೆ ತಿರುಗಿದವು. ಆಮೇಲೆ ಚೀಲ, ಕೊಡೆಗಳಲ್ಲಿ ದವಡೆ ಅಡಗಿಸಿಕೊಂಡವರೆಲ್ಲ ಬಾಯಿ ತುಂಬ ನಕ್ಕರು. "ಅಯ್ಯೋ, ಪಾಪ! ಇಷ್ಟು ವರ್ಷ ಹೆಂಗೆ ಮುಚ್ಚಿಟ್ಟಿದ್ದೆಯೇ?" ಎಂದು ಎಲ್ಲರಿಗಿಂತ ಜೋರಾಗಿ ಕೇಳಿದವರು ಅಚ್ಚಾಮ್ಮ.

ಮನೆಗೆ ಹೋಗುವ ದಾರಿಯಲ್ಲಿ ಕಾಲುವೆಯ ಸೇತುವೆ ಬರುವವರೆಗೆ ಸುಗುಣನ್ ಅವಳಿಗಿಂತ ನಾಲ್ಕು ಹೆಜ್ಜೆ ಮುಂದೆ ನಡೆದ. ಅಲ್ಲಿ ನಿಂತು ಅವಳ ಕೈ ಹಿಡಿದ.

"ವಿಲಾಸಿನೀ, ಅದು ನಂದೇ. ನೀನು ಎರಡನೇ ಹೆರಿಗೆಗೆ ತವರಿಗೆ ಹೋಗಿದ್ದಾಗ ಬಸ್ಸಿನ ಕಂಬಿಗೆ ಬಡಿದು ಎರಡು ಹಲ್ಲು ಹೋಗಿತ್ತು. ನಿನ್ನ ಎದುರು ಹೆಂಗೆ ಹೇಳ್ಲಿ? ನಿನ್ನ ಹಲ್ಲು ಅಷ್ಟು ಚೆಂದ... ಹೆದರಿಕೆಯಲ್ಲಿ ನಿನ್ನ ಹೆಸರು ಹೇಳ್ಬಿಟ್ಟೆ. ನೀನು ಎಲ್ಲರ ಎದುರು ಸುಳ್ಳು ಅವಮಾನ ನುಂಗ್ಕೊಂಡು ಕೂತೆಯಲ್ಲ!" ಅವನ ಕಣ್ಣು ತುಂಬಿತ್ತು. "ಊರೆಲ್ಲ ನಂಬಲಿ ಬಿಡು. ನಿನ್ನ ಹಲ್ಲು ಅಸಲಿ ಅಂತ ನನಗೊಬ್ಬನಿಗಾದರೂ ಗೊತ್ತಲ್ಲ."

ವಿಲಾಸಿನಿ ಚೀಲದೊಳಗೆ ಕೈಯಿಟ್ಟು ಅಚ್ಚಿನ ಮೇಲೆ ಬೆರಳಾಡಿಸಿದಳು. ಎರಡು ಹಲ್ಲಿನ ಅಗಲದ ಹಳ್ಳ. ಆ ಹೆರಿಗೆಯಾದ ಮೇಲೂ ಹತ್ತೊಂಬತ್ತು ವರ್ಷ ಆ ಕಪಾಟಿನ ಧೂಳು ಹೊಡೆದಿದ್ದಳು. ಡಾಕ್ಟರು ಒಂದು ದಿನವೂ ತುಟಿ ಬಿಚ್ಚಿರಲಿಲ್ಲ.

ನಾಳೆ ಊರಿಗೆ ಊರೇ ತನ್ನ ಬಾಯಿಯನ್ನು ಇಣುಕಿ ನೋಡುತ್ತದೆ. ನೋಡಲಿ. ಇವನಿಗೆ ಮಾತ್ರ ಹೇಳುವುದಿಲ್ಲ, ಇಂದೂ ಇಲ್ಲ, ಮುಂದೆಂದೂ ಇಲ್ಲ ಎಂದು ಅವಳು ನಿಶ್ಚಯಿಸಿದಳು.

"ನಡೀರಿ, ಮೀನು ತೆರೆದಿಟ್ಟು ಬಂದಿದ್ದೀನಿ" ಎಂದಳು.