ಕೈ ಬೀಸಿದರೆ ಬೆಳಕು

ಕಂಪನಿಯವರು ಕರೆಂಟು ಉಳಿಸಲೆಂದು ದೀಪಗಳಿಗೆ ಸೆನ್ಸರ್ ಹಾಕಿಸಿದಂದಿನಿಂದ ಗುಮಾಸ್ತನ ಗ್ರಹಚಾರ ಕೆಟ್ಟಿತು. ಎರಡು ನಿಮಿಷ ಅಲುಗಾಡದಿದ್ದರೆ ದೀಪ ಆರುತ್ತಿತ್ತು. ಬರೀ ಬೆರಳಾಡಿಸಿ ಟೈಪು ಮಾಡುವವನನ್ನು ಆ ಯಂತ್ರ ಮನುಷ್ಯರ ಸಾಲಿಗೇ ಸೇರಿಸುತ್ತಿರಲಿಲ್ಲ. ಅವನದೋ ಕಿಟಕಿಯಿಲ್ಲದ ಮೂಲೆ.

ಆ ಶುಕ್ರವಾರ ಮ್ಯಾನೇಜರು ಬೆಳಿಗ್ಗೆಯೇ ಬಂದು ನಿಂತರು. "ಪರಿಸರ ಉಳಿಸಿದ್ದರಿಂದ ನಮ್ಮಲ್ಲಿ ಕೆಲಸ ಎಷ್ಟು ಹೆಚ್ಚಾಯ್ತು ಅಂತ ಒಂದು ವರದಿ ಬೇಕು ಕಣಯ್ಯ. ಐದು ಗಂಟೆಯೊಳಗೆ ಕೊಟ್ರೆ ನಾಳೆ ನಿಂಗೆ ರಜೆ."

ನಾಳೆ ಮಗಳ ಓಟದ ಸ್ಪರ್ಧೆ. ಹಿಂದಿನ ಎರಡು ವರ್ಷವೂ ಅವಳು ಗೆರೆ ದಾಟಿದ ಮೇಲೆ ಜನರ ನಡುವೆ ಅಪ್ಪನ ಮುಖ ಹುಡುಕಿ, ಕಾಣದೆ ಒಬ್ಬಳೇ ಮನೆಗೆ ನಡೆದಿದ್ದಳು. ಗುಮಾಸ್ತ ಪಟ್ಟು ಹಿಡಿದು ಕೂತ.

ಒಂದು ಸಾಲು ಬರೆದ. ದೀಪ ಆರಿತು. ಕೈ ಬೀಸಿದ, ಹತ್ತಿತು. ಇನ್ನೊಂದು ಸಾಲು, ಮತ್ತೆ ಕತ್ತಲು. ಮಧ್ಯಾಹ್ನದ ಹೊತ್ತಿಗೆ ಬಲಗೈ ಟೈಪು ಮಾಡುತ್ತಿದ್ದರೆ ಎಡಗೈ, ಇಲ್ಲದ ನೊಣವನ್ನು ಓಡಿಸುತ್ತಿತ್ತು.

"ಯಾರಿಗೋ ಅದು ಟಾಟಾ?" ಪಕ್ಕದ ಮೇಜಿನ ಟೈಪಿಸ್ಟ್ ಅಕ್ಕ ಇಣುಕಿದಳು.

"ದೀಪಕ್ಕೆ ಕಣಕ್ಕ."

"ಬರೀ ಕೈ ಸಾಲ್ದು, ಸೊಂಟ ಆಡ್ಸು. ನಾನು ಹಾಗೇ ಮಾಡೋದು. ನೋಡು, ಎರಡು ಕೆ.ಜಿ. ಇಳಿದಿದ್ದೀನಿ!"

ಸೊಂಟವನ್ನೂ ಆಡಿಸಿದ. ನಾಲ್ಕಕ್ಕೆ ವರದಿ ಮುಗಿಯಿತು. ಆದರೆ ಕಾಗದ ಉಳಿಸಲು ಹೊಸ ನಿಯಮ: ಒಂದು ಹಾಳೆ ಮುದ್ರಿಸಬೇಕಾದರೆ ಅನುಮತಿ ಪತ್ರ ತರಬೇಕು. ಅನುಮತಿ ಪತ್ರವೇ ಮೂರು ಹಾಳೆ. ಸಹಿ ಹಾಕುವವರು ಐದನೇ ಮಹಡಿಯಲ್ಲಿ. ಲಿಫ್ಟು ಉಳಿತಾಯದ ನಿದ್ದೆಯಲ್ಲಿ. ಹತ್ತಿದ, ಇಳಿದ, ಸೀಲು ಬಿಟ್ಟುಹೋಗಿದೆಯೆಂದು ಮತ್ತೆ ಹತ್ತಿದ.

ಐದಕ್ಕೆ ಎರಡು ನಿಮಿಷವಿರುವಾಗ ಕುಲುಮೆಯ ತಿದಿಯಂತೆ ಏದುಸಿರು ಬಿಡುತ್ತ ಮ್ಯಾನೇಜರ ಮುಂದೆ ಹಾಳೆಯಿಟ್ಟ. "ಕೆಲಸ ಅರ್ಧಕ್ಕಿಳಿದಿದೆ" ಎಂದು ಅದರಲ್ಲಿ ಇದ್ದದ್ದನ್ನು ಇದ್ದ ಹಾಗೇ ಬರೆದಿದ್ದ. ಸುಳ್ಳು ಹೇಳಲೂ ಮೈಯಲ್ಲಿ ಕಸುವು ಬೇಕಲ್ಲ.

ಮ್ಯಾನೇಜರು ಓದಿ ಗಹಗಹಿಸಿ ನಕ್ಕರು. "ಎಷ್ಟು ವಿನಯ ನಿಂದು! ಇಲ್ನೋಡು, ಯಾರು ಎಷ್ಟು ಅಲುಗಾಡ್ತಾರೆ ಅಂತ ಸೆನ್ಸರ್ ಎಣಿಸುತ್ತೆ. ಉಳಿದವರದು ಸರಾಸರಿ ದಿನಕ್ಕೆ ನೂರು ಸಲ, ನಿಂದು ಎರಡು ಸಾವಿರ! ಇಪ್ಪತ್ತು ಜನರ ಕೆಲಸ ಒಬ್ನೇ ಎಳೀತಿದ್ದೀಯ!"

"ಸಾರ್, ಅದು ದೀಪಕ್ಕೆ..."

"ಸುಮ್ನಿರಯ್ಯ. ಹೆಡ್ಡಾಫೀಸಿಗೆ ಆಗಲೇ ಹೇಳಾಯ್ತು. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಎಲ್ಲಾ ಶಾಖೆಯವರೂ ಬರ್ತಾರೆ, ನೀನು ಹೇಗೆ ಕೆಲಸ ಮಾಡ್ತೀಯ ಅಂತ ನೋಡೋಕೆ."

"ನಾಳೆ ಒಂಬತ್ತಕ್ಕೆ ನನ್ನ ಮಗಳು ಓಡ್ತಾಳೆ, ಸಾರ್."

"ಓಡ್ಲಿ, ಓಡ್ಲಿ!" ಮ್ಯಾನೇಜರು ಪ್ರೀತಿಯಿಂದ ಬೆನ್ನು ತಟ್ಟಿದರು. "ಅಪ್ಪನ ಥರಾನೇ ಚುರುಕು!"