ಎರಡು ಸಾಕು ಅಂದವನು

ಆ ದಿನದ ರಾದ್ಧಾಂತಕ್ಕೆಲ್ಲ ಕಾರಣ ಒಂದು ಬೆರಳು. ಚಪ್ಪಲಿ ಅಂಗಡಿಯ ಯಜಮಾನರು ಬೆಳಿಗ್ಗೆ ಅಳತೆಯಣ್ಣನ ಕಾರಿನ ಮುಂದಿನ ಟೈರಿನ ಮೇಲೆ ಬೆರಳಾಡಿಸಿ, "ಏನಯ್ಯಾ, ನನ್ನ ತಲೆಗಿಂತ ನುಣ್ಣಗಿದೆಯಲ್ಲ" ಎಂದುಬಿಟ್ಟರು.

ಅಳತೆಯಣ್ಣ ಆ ಅಂಗಡಿಯ ಹಳೇ ಸೇಲ್ಸ್‌ಮನ್. ಗಿರಾಕಿ ಮೆಟ್ಟಿಲು ಹತ್ತುವಾಗಲೇ ಪಾದ ನೋಡಿ ಎಷ್ಟನೇ ನಂಬರಿನ ಬೂಟು ಎಂದು ಹೇಳಬಲ್ಲವನಾದ್ದರಿಂದ ಆ ಹೆಸರು. ಕಿತ್ತ ಪಟ್ಟಿಗೆ ಹೊಲಿಗೆ ಹಾಕಿಸಲು ಬಂದವರಿಗೂ ಎರಡು ಜೋಡಿ ಕಟ್ಟಿಕೊಟ್ಟು ಕಳಿಸಿದ ಖ್ಯಾತಿ ಅವನದು. "ಮಾರೋ ವಿದ್ಯೆ ಗೊತ್ತಿರೋನಿಗೆ ಯಾರೂ ಏನನ್ನೂ ಮಾರೋಕಾಗಲ್ಲ" ಎಂದು ದಿನಕ್ಕೊಮ್ಮೆಯಾದರೂ ಹೇಳದಿದ್ದರೆ ಅವನಿಗೆ ಊಟ ಸೇರುತ್ತಿರಲಿಲ್ಲ.

ಯಜಮಾನರು ಹೊಸ ಶಾಖೆ ತೆರೆಯುವವರಿದ್ದರು. ಅದರ ಮ್ಯಾನೇಜರ್ ಯಾರೆಂದು ಆ ಸಂಜೆಯೇ ಹೇಳುವುದಾಗಿ ತಿಳಿಸಿದ್ದರು. ಹನ್ನೆರಡು ವರ್ಷ ಮಂಡಿಯೂರಿ ಕಂಡಕಂಡವರ ಕಾಲು ಹಿಡಿದಿದ್ದ ಅಳತೆಯಣ್ಣನಿಗೆ ಇನ್ನಾದರೂ ಕುರ್ಚಿಯ ಮೇಲೆ ಕೂರಬೇಕೆಂಬ ಆಸೆ. ಆಸೆಯೇನು ಬಂತು, ಖಾತ್ರಿಯೇ ಇತ್ತು. ಆ ಕುರ್ಚಿಗೆಂದು ಒಂದು ದಿಂಬನ್ನು ಆಗಲೇ ಕೊಂಡು ಗೋದಾಮಿನ ಕಪಾಟಿನಲ್ಲಿ ಇಟ್ಟುಕೊಂಡಿದ್ದ.

"ಮಧ್ಯಾಹ್ನ ಹೋಗಿ ಎರಡು ಟೈರ್ ಹಾಕಿಸ್ಕೊಂಡು ಬಾ. ನಾಲ್ಕು ಗಂಟೆಗೆ ಇಲ್ಲಿರು, ಮಾತಾಡೋದಿದೆ" ಎಂದರು ಯಜಮಾನರು.

ವಿಷಯ ಕೇಳಿದ ಹೆಂಡತಿ ಫೋನಿನಲ್ಲೇ ಎಚ್ಚರಿಸಿದಳು. "ರೀ, ಎರಡೇ ಟೈರು. ಹೋದ ಸಲ ಛತ್ರಿ ತರ್ತೀನಿ ಅಂತ ಹೋಗಿ ಡೇರೆ ತಂದ್ರಿ."

"ಅದು ಬೇರೆ ವಿಷಯ ಕಣೇ. ಚಪ್ಪಲಿ ಆದ್ರೇನು, ಟೈರ್ ಆದ್ರೇನು, ನೆಲ ಸವರೋ ರಬ್ಬರ್ ತಾನೆ. ನನಗೆ ಬಿಡು."

ದಾರಿಯ ತಿರುವಿನಲ್ಲಿ ಪಕ್ಕದ ಮನೆಯ ಡ್ರೈವರ್ ತಾತ ಕೈ ಅಡ್ಡ ಹಾಕಿದರು. ಮೂವತ್ತು ವರ್ಷ ಬಸ್ ಓಡಿಸಿ ನಿವೃತ್ತರಾದ ಮೇಲೆ ಅವರು ಬೇರೆಯವರ ಕಾರುಗಳನ್ನು ಬಾಯಲ್ಲೇ ಓಡಿಸುತ್ತಿದ್ದರು. ಟೈರ್ ಅಂಗಡಿಗೆ ಎಂದು ಕೇಳಿದ್ದೇ ತಡ, ಕರೆಯದೆಯೇ ಹತ್ತಿ ಕೂತರು.

ಅಂಗಡಿಯ ತುಂಬ ರಬ್ಬರಿನ ವಾಸನೆ. ಮೂಲೆಯಲ್ಲಿ ಪಂಕ್ಚರ್ ನೋಡುವ ನೀರಿನ ತೊಟ್ಟಿ, ಗೋಡೆಯುದ್ದಕ್ಕೂ ಸೂರು ಮುಟ್ಟುವ ಟೈರು. ಕನ್ನಡಕಕ್ಕೆ ದಾರ ಕಟ್ಟಿಕೊಂಡಿದ್ದ ಟೈರಿನವನು ಕುಕ್ಕರುಗಾಲಲ್ಲಿ ಕೂತು ನಾಲ್ಕು ಚಕ್ರಗಳನ್ನೂ ನಿಧಾನವಾಗಿ ನೋಡಿದ.

"ಮುಂದಿನವು ಹೋಗಿವೆ ಸರ್. ಹಿಂದಿನವು ಚೆನ್ನಾಗಿವೆ, ಇನ್ನೂ ಎರಡು ವರ್ಷ ಓಡ್ತವೆ. ಎರಡು ಸಾಕು."

ಅಳತೆಯಣ್ಣನ ಕಣ್ಣು ಕಿರಿದಾಯಿತು. ಇದು ಅವನದೇ ಅಸ್ತ್ರ. 'ಇದು ನಿಮಗೆ ಬೇಡ ಬಿಡಿ' ಎನ್ನುತ್ತಲೇ ಅಂಗಡಿಯ ಅತಿ ದುಬಾರಿ ಬೂಟುಗಳನ್ನು ಅವನು ಎಷ್ಟೋ ಕಾಲುಗಳಿಗೆ ಏರಿಸಿದ್ದ.

"ನೋಡಿದ್ರಾ ತಾತ, ನನ್ನ ಹತ್ರಾನೇ ನನ್ನ ವಿದ್ಯೆ ತೋರಿಸ್ತಿದಾನೆ" ಎಂದು ಪಿಸುಗುಟ್ಟಿದ. "ಎರಡು ಸಾಕು ಅಂದ್ರೆ, ಒಳ್ಳೇ ಮಾಲು ಬೇರೆ ಯಾರಿಗೋ ಎತ್ತಿಟ್ಟಿದಾನೆ ಅಂತ ಅರ್ಥ."

"ನಾವು ಬಸ್ಸಿಗೆ ಆರು ಹಾಕ್ತಿದ್ವಪ್ಪ" ಎಂದರು ತಾತ. "ಎರಡು ಅಂದ್ರೆ ಸೈಕಲ್ಲು."

"ನಾಲ್ಕೂ ಹಾಕಿ" ಎಂದ ಅಳತೆಯಣ್ಣ.

"ನಿಮ್ಮಿಷ್ಟ ಸರ್. ಊರೊಳಗೆ ಓಡಿಸೋದಾದ್ರೆ ಈ ಸಾದಾ ಟೈರ್ ಸಾಕು."

ಮತ್ತೆ ಸಾಕು. ಅಳತೆಯಣ್ಣನ ದೃಷ್ಟಿ ಮೇಲಕ್ಕೆ ಹರಿಯಿತು. ಅಟ್ಟದ ಮೇಲೆ ದಪ್ಪ ಹಲ್ಲಿನ ನಾಲ್ಕು ಟೈರುಗಳು ಬಟ್ಟೆ ಹೊದ್ದುಕೊಂಡು ಕೂತಿದ್ದವು.

"ಅವು?"

"ಅವು ಕಲ್ಲುಗಣಿಗೆ ಹೋಗಿ ಬರೋರಿಗೆ ಸರ್, ನಿಮಗ್ಯಾಕೆ. ನಿಮ್ಮ ಗಾಡಿಗೆ ಒಂದು ಅಳತೆ ಹೆಚ್ಚೇ ಆಗುತ್ತೆ. ಎಡಗಡೆ ಮಡ್‌ಗಾರ್ಡ್ ಎಲ್ಲೋ ಗುದ್ದಿ ಒಳಗೆ ಬಾಗಿದೆ ನೋಡಿ. ಎಡಕ್ಕೆ ತಿರುಗಿಸಿದ್ರೆ ಉಜ್ಜುತ್ತೆ."

ಅಳತೆಯಣ್ಣ ಮುಗುಳ್ನಕ್ಕ. "ಹೊಸ ಬೂಟೂ ಮೊದಲು ಕಚ್ಚುತ್ತೆ ಸ್ವಾಮಿ. ನಾಲ್ಕು ದಿನ ನಡೆದ್ರೆ ತಾನೇ ಹದಕ್ಕೆ ಬರುತ್ತೆ. ಇಳಿಸಿ."

"ಚರ್ಮ ಹದಕ್ಕೆ ಬರುತ್ತೆ ಸರ್. ತಗಡು ಬರಲ್ಲ" ಎಂದು ಟೈರಿನವನು ಕೊನೆಯ ಸಲ ಹೇಳಿ ನೋಡಿದ. ಆಮೇಲೆ ಏಣಿ ತಂದ. ಅಳತೆಯಣ್ಣ ಅಭ್ಯಾಸಬಲದಿಂದ ಟೈರಿನ ಅಂಚನ್ನು ಹೆಬ್ಬೆರಳಲ್ಲಿ ಒತ್ತಿ, ಕಾಲ್ಬೆರಳಿಗೆ ಜಾಗವಿದೆಯೇ ಎಂದು ನೋಡಿ ತಲೆಯಾಡಿಸಿದ. ಅಷ್ಟರಲ್ಲಿ ತಾತ ಕಾರಿನ ಮ್ಯಾಟು ಹೇಗಿದೆ ಎಂದು ಕೇಳಿದರು. ಚೆನ್ನಾಗೇ ಇದೆ ಎಂದ ಟೈರಿನವನು. ಅಳತೆಯಣ್ಣ ಒಂದು ಜೊತೆ ಹೊಸ ಮ್ಯಾಟನ್ನೂ ತೆಗೆದುಕೊಂಡ.

"ಹಳೇ ಟೈರು ಒಯ್ತೀರಾ ಸರ್? ಇಲ್ಲಾಂದ್ರೆ ಹಿಂದಿನ ಎರಡನ್ನ ನಾನೇ ಇಟ್ಕೊಳ್ತೀನಿ."

"ಇಟ್ಕೊಳ್ಳಿ, ನನ್ನ ನೆನಪಿಗಿರಲಿ" ಎಂದ ಅಳತೆಯಣ್ಣ ಧಾರಾಳವಾಗಿ. ಮನೆಯ ಗೇಟಿಗೆ ಬಣ್ಣ ಬಳಿದಾಗ ಸಿಡಿದ ಹಸಿರು ಪಟ್ಟೆ ಆ ಟೈರುಗಳ ಮೇಲೆ ಇನ್ನೂ ಹಾಗೇ ಇತ್ತು.

ಮೊದಲ ಎಡ ತಿರುವಿನಲ್ಲೇ ಕಾರು ಕರ್ರ್ ಎಂದು ಕಿರುಚಿತು. ಬಸ್ಸಿಗೆ ಕಾಯುತ್ತಿದ್ದವರೆಲ್ಲ ಕಿವಿ ಮುಚ್ಚಿಕೊಂಡರು.

"ಬಲಕ್ಕೇ ಹೋಗಪ್ಪ" ಎಂದರು ತಾತ. "ಮೂರು ಸಲ ಬಲಕ್ಕೆ ತಿರುಗಿದ್ರೆ ಒಂದು ಎಡ ಆಗುತ್ತೆ."

ಲೆಕ್ಕವೇನೋ ಸರಿಯಾಗಿಯೇ ಇತ್ತು. ಆದರೆ ಚಪ್ಪಲಿ ಅಂಗಡಿಗೆ ಐದು ಎಡ ತಿರುವು. ನಡುವೆ ಒಂದೆಡೆ ರಸ್ತೆ ಅಗೆದಿದ್ದರಿಂದ ಅಂಚೆ ಕಚೇರಿಯನ್ನು ಮೂರು ಸಲ ಸುತ್ತಬೇಕಾಯಿತು. ಅದರ ಕಾವಲುಗಾರ ಮೊದಲ ಸಲ ಸಲಾಂ ಹೊಡೆದ, ಎರಡನೇ ಸಲ ಎದ್ದು ನಿಂತ, ಮೂರನೇ ಸಲ ಕಾರಿನ ನಂಬರು ಬರೆದುಕೊಂಡ. "ನಾನು ನಡ್ಕೊಂಡು ಹೋದ್ರೆ ಬೇಗ ಸೇರ್ತೀನಿ" ಎಂದು ತಾತ ಅಲ್ಲಿಯೇ ಇಳಿದುಕೊಂಡರು.

ಅಳತೆಯಣ್ಣ ಅಂಗಡಿ ಮುಟ್ಟಿದಾಗ ಆರಕ್ಕೆ ಕಾಲು ಗಂಟೆ ಇತ್ತು. ಆದರೂ ಎದೆ ಸೆಟೆದೇ ಇತ್ತು.

"ನಾಲ್ಕು ಗಂಟೆ ಅಂದಿದ್ದೆ" ಎಂದರು ಯಜಮಾನರು.

"ಒಬ್ಬ ಮಹಾ ಘಾಟಿ ಸಿಕ್ಕಿದ್ದ ಯಜಮಾನ್ರೇ. ಎರಡು ಸಾಕು ಅಂದ, ನಾಲ್ಕು ಹಾಕಿಸ್ದೆ. ಊರಿಗೆ ಸಾದಾ ಸಾಕು ಅಂದ, ಅಟ್ಟದಲ್ಲಿ ಬಚ್ಚಿಟ್ಟಿದ್ದನ್ನೇ ಇಳಿಸ್ದೆ. ಮ್ಯಾಟು ಚೆನ್ನಾಗಿದೆ ಅಂದ, ಅದನ್ನೂ ಬಿಡ್ಲಿಲ್ಲ."

ಯಜಮಾನರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅವನು ಒಂದು ಸಲವಾದ್ರೂ ತಗೊಳ್ಳಿ ಅಂದನಾ?"

"ಎಲ್ಲಿ ಅಂತಾನೆ. ಮೊದಲಿಂದ ಕೊನೇವರೆಗೂ ಬೇಡ ಬೇಡ ಅಂತಾನೇ ಇದ್ದ."

"ಬೇಡ ಬೇಡ ಅಂದು ಇಷ್ಟೆಲ್ಲ ಕೊಟ್ಟು ಕಳಿಸ್ದ. ಅದೂ ನಿನಗೆ." ಯಜಮಾನರು ಕೈ ಚಾಚಿದರು. "ರಸೀದಿ ಕೊಡು. ಅದರಲ್ಲಿ ಫೋನ್ ನಂಬರ್ ಇರುತ್ತಲ್ಲ."

ತನ್ನ ಪರವಾಗಿ ಅವನಿಗೆ ನಾಲ್ಕು ಮಾತು ಬೈಯಲು ಹೊರಟಿದ್ದಾರೆಂದು ಅಳತೆಯಣ್ಣನ ಮನಸ್ಸು ತುಂಬಿ ಬಂತು. ಗೋದಾಮಿಗೆ ಹೋಗಿ ದಿಂಬು ತೆಗೆದು, ಧೂಳು ಕೊಡವಿ, ಬಗಲಲ್ಲಿಟ್ಟುಕೊಂಡು ಬಂದ.

ಯಜಮಾನರು ಫೋನ್ ಕೆಳಗಿಟ್ಟು ನಗುತ್ತಿದ್ದರು. "ಹೊಸ ಶಾಖೆಗೆ ಮ್ಯಾನೇಜರ್ ಸಿಕ್ಕಿದ ಕಣಯ್ಯಾ. ನಿನ್ನಿಂದಾನೇ ಸಿಕ್ಕಿದ್ದು. ನೀನೂ ಅಲ್ಲಿಗೇ ಹೋಗು, ಅವನ ಕೈಕೆಳಗೆ ಕಲಿಯೋದು ಬೇಕಾದಷ್ಟಿದೆ."

ಅರ್ಧ ಗಂಟೆಯಲ್ಲಿ ಒಂದು ಕಾರು ಸದ್ದಿಲ್ಲದೆ ಬಂದು, ಸಲೀಸಾಗಿ ಎಡಕ್ಕೆ ತಿರುಗಿ ಅಂಗಡಿಯ ಮುಂದೆ ನಿಂತಿತು. ಮಧ್ಯಾಹ್ನ ಟೈರಿನವನಾಗಿದ್ದವರು ಮ್ಯಾನೇಜರ್ ಸಾಹೇಬರಾಗಿ ಇಳಿದರು. ಅವರ ಕಾರಿನ ಮುಂದಿನ ಎರಡು ಟೈರುಗಳ ಮೇಲೆ ಹಸಿರು ಪಟ್ಟೆ ಇತ್ತು.

"ನಿಮ್ಮವೇ ಸರ್" ಎಂದರು ಅವರು ಸಂಕೋಚದಿಂದ. "ಚೆನ್ನಾಗಿವೆ ಅಂದೆನಲ್ಲ. ನನಗೆ ಸುಳ್ಳು ಹೇಳಿ ವ್ಯಾಪಾರ ಮಾಡೋಕೆ ಬರಲ್ಲ, ಯಜಮಾನ್ರಿಗೂ ಹಾಗೇ ಹೇಳ್ದೆ. ಅವರು ಯಾಕೋ ನಗ್ತಾನೇ ಇದ್ರು."

ಆಗಲೇ ಒಬ್ಬ ಗಿರಾಕಿ ಬಂದು ಸವೆದ ಬೂಟು ತೋರಿಸಿದ. ಮ್ಯಾನೇಜರ್ ಸಾಹೇಬರು ಅದನ್ನು ತಿರುಗಿಸಿ ನೋಡಿದರು. "ಇದಕ್ಕೆ ಹಿಮ್ಮಡಿ ಬದಲಾಯಿಸಿದ್ರೆ ಸಾಕು. ಹೊಸದು ಬೇಡ."

ಗಿರಾಕಿಯ ಕಣ್ಣು ಕಿರಿದಾಯಿತು. "ಆ ಮೇಲಿನ ಸಾಲಿಂದು ಇಳಿಸಿ" ಎಂದ.

ಅಳತೆಯಣ್ಣ ಏಣಿ ಹತ್ತಿ ಇಳಿದು, ಮಂಡಿಯೂರಿ, ಗಿರಾಕಿಯ ಕಾಲು ಹಿಡಿದ. ಗಿರಾಕಿ ಎರಡು ಜೋಡಿ ಕಟ್ಟಿಸಿಕೊಂಡು ಹೋದ.

"ಈ ದಿಂಬು ಯಾರದು?" ಎಂದು ಕೇಳಿದರು ಮ್ಯಾನೇಜರ್ ಸಾಹೇಬರು.

"ನಿಮ್ಮದೇ ಸರ್" ಎಂದ ಅಳತೆಯಣ್ಣ.

ಹೆಂಡತಿ ಆಗಲೇ ಎರಡು ಸಲ ಫೋನ್ ಮಾಡಿದ್ದಳು. ಅವನು ಕಾರು ಹತ್ತಿ ರಸ್ತೆಗೆ ಬಂದ. ಮನೆ ಎಡಕ್ಕಿತ್ತು. ಅವನು ಬಲಕ್ಕೆ ತಿರುಗಿಸಿದ.